ಹೊಲ, ರೊಪ್ಪ, ಹಳ್ಳ: ಊರಿನ ಯುವಕರಿಗೆ ಕೃಷಿ ಕಲಿಸುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆಯ ಹಳ್ಳಿಗಳಿಂದ ಪ್ರತಿ ವರ್ಷ ಶ್ರಾವಣದ ಹೊತ್ತಿಗೆ ಒಂದೇ ಬಗೆಯ ದೂರು ಕೇಳಿಬರುತ್ತದೆ. ಜೂನ್‌ನಲ್ಲಿ ಇಪ್ಪತ್ತೈದು ಹುಡುಗ ಹುಡುಗಿಯರನ್ನು ಸೇರಿಸಿ ಕೃಷಿ ತರಬೇತಿ ಶುರು ಮಾಡಿದೆವು, ಸಮುದಾಯ ಭವನದಲ್ಲಿ ಮೂರು ಉಪನ್ಯಾಸಗಳಾದವು, ನಾಲ್ಕನೆಯ ವಾರಕ್ಕೆ ಐದು ಜನ ಉಳಿದರು, ಆಮೇಲೆ ನಿಂತುಹೋಯಿತು. ‘ಈಗಿನವರಿಗೆ ಆಸಕ್ತಿಯೇ ಇಲ್ಲ’ ಎಂದು ಮಾತು ಮುಗಿಸುತ್ತಾರೆ. ಈ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಸೋತಿರುವುದು ಆಸಕ್ತಿಯಲ್ಲ, ಕಲಿಸುವ ಕ್ರಮ.

ಬಿತ್ತನೆಯ ತಿಂಗಳಲ್ಲಿ ಶುರು ಮಾಡಿದರೆ ಮಕ್ಕಳು ಬರುವುದು ಸಾಧ್ಯವೇ ಇಲ್ಲ. ಆ ಹೊತ್ತಿನಲ್ಲಿ ಮನೆಯ ಹೊಲಕ್ಕೆ ಅವರ ಕೈ ಬೇಕು. ಕುರಿಯನ್ನು ಮುಟ್ಟುವ ಮೊದಲೇ ರೋಗಗಳ ಪಟ್ಟಿ ಒಪ್ಪಿಸಿದರೆ ಅದು ಪರೀಕ್ಷೆಯ ಪಾಠವಾಗುತ್ತದೆ. ಈ ಮಾರ್ಗದರ್ಶಿ ಫೆಬ್ರವರಿಯಲ್ಲಿ ಶುರುವಾಗಿ ಸುಗ್ಗಿಯ ಲೆಕ್ಕದವರೆಗೆ ನಡೆಯುತ್ತದೆ. ಶಾಲೆಯ ಶಿಕ್ಷಕರು, ಯುವಕ ಸಂಘದವರು, ಪಂಚಾಯಿತಿ ಸದಸ್ಯರು, ಓದು ಮುಗಿಸಿ ಊರಿಗೆ ಮರಳಿದವರು, ಯಾರಾದರೂ ಇದನ್ನು ನಡೆಸಬಹುದು. ಹಂತಗಳನ್ನು ಅದಲುಬದಲು ಮಾಡಬೇಡಿ.

ಮೊದಲು ಹೊಂದಿಸಿಕೊಳ್ಳಬೇಕಾದ ಸಾಮಾನು

ಗುದ್ದಲಿ, ಸಲಿಕೆ, ಬುಟ್ಟಿ ಮನೆಮನೆಯಲ್ಲೂ ಇವೆ. ಹೊಸದಾಗಿ ಬೇಕಾಗುವುದು ಇಷ್ಟು: ಮೇಲಿಂದ ಕೆಳಗಿನವರೆಗೆ ಒಂದೇ ಅಗಲವಿರುವ ತಗಡಿನ ಡಬ್ಬಿ, ಮಿಲಿಮೀಟರ್ ಗುರುತಿರುವ ಅಳತೆಪಟ್ಟಿ, 30 ಮೀಟರ್ ಟೇಪು, 50 ಕಿಲೋ ತೂಗುವ ಕೊಕ್ಕೆ ತಕ್ಕಡಿ, ದನಗಳಿಗೆ ಬಳಸುವ ಥರ್ಮಾಮೀಟರ್, ರಬ್ಬರ್ ಕೈಗವಸು, 20 ಲೀಟರಿನ ಬಕೆಟ್, ಎರಡು ಗಾಜಿನ ಬಾಟಲಿ, ಒಬ್ಬೊಬ್ಬರಿಗೂ ಗಟ್ಟಿ ರಟ್ಟಿನ ಒಂದು ನೋಟ್‌ಬುಕ್. ಬ್ಯಾನರ್, ಟೀ ಶರ್ಟ್, ಉದ್ಘಾಟನೆಯ ದೀಪಕ್ಕೆ ಇಟ್ಟ ಹಣವನ್ನು ತಕ್ಕಡಿಗೆ ಹಾಕಿ.

ಹಂತ 1: ಮಕ್ಕಳನ್ನು ಕರೆಯುವ ಮೊದಲು ನೆಲ ಗೊತ್ತುಮಾಡಿ (ಫೆಬ್ರವರಿ)

ಐದು ಗುಂಟೆ ಸಾಕು. ಅದಕ್ಕಿಂತ ದೊಡ್ಡದಾದರೆ ಕಳೆ ತೆಗೆಯುವಲ್ಲೇ ಗುಂಪು ಸೋಲುತ್ತದೆ. ರಸ್ತೆ ಬದಿಯ ಚೆಂದದ ಜಾಗವನ್ನು ಹುಡುಕಬೇಡಿ. ಊರಿನ ಬಹುಪಾಲು ಹೊಲಗಳು ಹೇಗಿವೆಯೋ ಅಂಥದೇ ನೆಲ ಬೇಕು. ಕೆಂಪು ಮಣ್ಣಿನ ಊರಿನಲ್ಲಿ ಎರೆ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ, ಸಿಕ್ಕಿತೆಂದು ಅಲ್ಲಿ ಕಲಿಸಿದರೆ, ಕಲಿತದ್ದು ಅವರವರ ಮನೆಯ ಹೊಲಕ್ಕೆ ಒದಗುವುದಿಲ್ಲ. ಹೊಲದ ಯಜಮಾನರ ಜೊತೆ ಫಸಲು ಯಾರಿಗೆ, ಖರ್ಚು ಯಾರದು, ಬೆಳೆ ಹೋದರೆ ಏನು ಎಂಬ ಮೂರು ಮಾತನ್ನು ಬರೆದಿಟ್ಟುಕೊಳ್ಳಿ. ಬಾಯಿಮಾತಿನ ಒಪ್ಪಂದ ಸುಗ್ಗಿಯಲ್ಲಿ ಜಗಳವಾಗುತ್ತದೆ.

ನಂತರ ಮನೆಗಳಿಗೆ ಹೋಗಿ, ತಂದೆಯ ಜೊತೆಗಷ್ಟೇ ಅಲ್ಲ, ತಾಯಿ ಮತ್ತು ಅಜ್ಜಿಯ ಜೊತೆಗೂ ಕುಳಿತು ಮಾತನಾಡಿ. ಬೀಜ ಎತ್ತಿಡುವುದು, ಮೇಕೆ ಮರಿಗಳ ಆರೈಕೆ, ಹಾಲಿನ ಲೆಕ್ಕ ಬಹಳ ಮನೆಗಳಲ್ಲಿ ಹೆಂಗಸರ ಕೈಯಲ್ಲಿದೆ. ಅವರು ಒಪ್ಪದೆ ಹುಡುಗಿಯರು ಬರುವುದಿಲ್ಲ. ಸಭೆಯನ್ನು ಸಂಜೆ ಇಟ್ಟರೂ ಹುಡುಗಿಯರು ತಪ್ಪಿಸಿಕೊಳ್ಳುತ್ತಾರೆ. ಬೆಳಗಿನ ಏಳರಿಂದ ಎಂಟೂವರೆ ಒಳ್ಳೆಯ ಹೊತ್ತು. ಗುಂಪಿನಲ್ಲಿ ಹತ್ತರಿಂದ ಹನ್ನೆರಡು ಜನ ಮೀರಬಾರದು. ಇಪ್ಪತ್ತೈದು ಜನ ಸೇರಿದರೆ ಐದು ಜನ ಕೆಲಸ ಮಾಡುತ್ತಾರೆ, ಇಪ್ಪತ್ತು ಜನ ನೋಡುತ್ತಾರೆ. ನೋಡಿದವರೇ ಮೊದಲು ಬಿಟ್ಟುಹೋಗುವವರು.

ಹಂತ 2: ಮಣ್ಣನ್ನು ಕೈಯಿಂದ ತಿಳಿಯುವುದು (ಮಾರ್ಚ್)

ಮೊದಲ ಪಾಠಕ್ಕೆ ಹಲಗೆ ಬೇಡ. ಒಂದು ಬಾಟಲಿಗೆ ಕೆಂಪು ಮಣ್ಣು, ಇನ್ನೊಂದಕ್ಕೆ ಎರೆ ಮಣ್ಣು, ಮೂರರಲ್ಲೊಂದು ಭಾಗ ತುಂಬಿ ನೀರು ಹಾಕಿ ಚೆನ್ನಾಗಿ ಕುಲುಕಿಸಿ ಇಡಿ. ಮರಳು ನಿಮಿಷದೊಳಗೆ ತಳಕ್ಕೆ ಕೂರುತ್ತದೆ, ನುಣುಪು ಕಣಗಳು ಕೆಲವು ಗಂಟೆಗಳಲ್ಲಿ, ಜೇಡಿ ಮರುದಿನ. ಎರಡು ಬಾಟಲಿಗಳನ್ನು ಪಕ್ಕಪಕ್ಕ ಇಟ್ಟಾಗ ಎರೆಯ ನೀರು ಮರುದಿನವೂ ತಿಳಿಯಾಗದೆ ನಿಂತಿರುವುದು ಕಾಣುತ್ತದೆ. ‘ಎರೆ ಹೊಲ ತೇವ ಹಿಡಿಯುತ್ತದೆ’ ಎಂಬ ಅಜ್ಜನ ಮಾತು ಅಲ್ಲಿಂದ ಅವರದೇ ಆಗುತ್ತದೆ.

ಮುಂದೆ ಪರೀಕ್ಷೆಗೆ ಮಣ್ಣಿನ ಮಾದರಿ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ ಮೇಲಿನ ಕಸ ಸರಿಸಿ, ಬಾಯಿ ಅಗಲ ಮತ್ತು ತಳ ಕಿರಿದಾದ ಆರು ಅಂಗುಲ ಆಳದ ಗುಂಡಿ ತೋಡಿ. ಗುಂಡಿಯ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪದ ಪದರ ಕೆತ್ತಿ ತೆಗೆಯಿರಿ. ಎಲ್ಲವನ್ನೂ ಬೆರೆಸಿ, ದುಂಡಗೆ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಚೆಲ್ಲಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ, ನೆರಳಲ್ಲಿ ಒಣಗಿಸಿ.

ಇಲ್ಲಿ ನಡೆಯುವ ತಪ್ಪುಗಳು ಮೂರು. ಬದುವಿನ ಪಕ್ಕ, ಮರದ ಕೆಳಗೆ ಅಥವಾ ತಿಪ್ಪೆ ಹಾಕಿದ ಜಾಗದಲ್ಲಿ ಮಣ್ಣು ತೆಗೆಯುವುದು. ಗೊಬ್ಬರ ಹಾಕಿದ ಮೇಲೆ ತೆಗೆಯುವುದು. ಮೂರನೆಯದು ಎಲ್ಲಕ್ಕಿಂತ ಹೆಚ್ಚು: ಖಾಲಿ ಯೂರಿಯಾ ಚೀಲದ ಮೇಲೆ ಮಣ್ಣು ಹರಡಿ ಬೆರೆಸುವುದು. ಆ ಚೀಲದ ಅಂಟು ಸಾಕು, ವರದಿ ಸುಳ್ಳಾಗುತ್ತದೆ. ಶುದ್ಧ ಬಟ್ಟೆ ಬಳಸಿ. ಸರ್ವೆ ನಂಬರ್, ದಿನಾಂಕ, ಹಿಂದಿನ ಬೆಳೆ ಬರೆದ ಚೀಟಿಯೊಂದಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. ಹಿರಿಯೂರಿನ ಬಬ್ಬೂರು ಫಾರ್ಮ್‌ನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನೂ, ದಾವಣಗೆರೆಯವರಾದರೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರವನ್ನೂ ವಿಚಾರಿಸಬಹುದು. ಮಾದರಿ ಕೊಡಲು ನೀವೊಬ್ಬರೇ ಹೋಗದೆ ಇಬ್ಬರು ಹುಡುಗರನ್ನು ಕರೆದುಕೊಂಡು ಹೋಗಿ. ಕಚೇರಿಯ ಬಾಗಿಲು ದಾಟಿ ಪ್ರಶ್ನೆ ಕೇಳುವುದೂ ಒಂದು ಕಲಿಕೆ.

ಹಂತ 3: ಹಳ್ಳದ ಜಾಡು ಹಿಡಿದು ನಡೆಯುವುದು (ಏಪ್ರಿಲ್)

ಬೇಸಿಗೆಯಲ್ಲಿ ಒಣಗಿದ ಹಳ್ಳವೇ ಒಳ್ಳೆಯ ಪಾಠಶಾಲೆ. ಊರಿನ ಎತ್ತರದ ದಿಬ್ಬದಿಂದ ಹೊರಟು, ನೀರು ಹರಿಯುವ ದಾರಿಯಲ್ಲೇ ಗೋಕಟ್ಟೆ, ಚೆಕ್ ಡ್ಯಾಂ, ಕೆರೆ, ಕೋಡಿಯವರೆಗೆ ನಡೆಯಿರಿ. ಎಲ್ಲಿ ಕೊರಕಲು ಬಿದ್ದಿದೆ, ಎಲ್ಲಿ ಹೂಳು ನಿಂತಿದೆ, ಯಾವ ಬದು ಒಡೆದಿದೆ ಎಂದು ಗುರುತಿಸುತ್ತಾ ಹೋಗಿ. ಮರಳಿ ಬಂದು ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಅವರೇ ನಕ್ಷೆ ಬರೆಯಲಿ.

ಆಮೇಲೆ ಒಂದೇ ಪ್ರಶ್ನೆ: ಈ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ? ಹಿರಿಯೂರಿನ ಹತ್ತಿರ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಊರೂರಿನವರು ನೋಡಲು ಹೋಗಿದ್ದರು. ತಮ್ಮ ಊರಿನ ಹಳ್ಳ ವೇದಾವತಿಗೆ ಸೇರುತ್ತದೆಯೋ ಇಲ್ಲವೋ, ಸೇರುವುದಾದರೆ ಅಣೆಕಟ್ಟೆಯ ಮೇಲೋ ಕೆಳಗೋ ಎಂದು ಕೇಳಿದರೆ ಬಹಳ ಮಕ್ಕಳು ಸುಮ್ಮನಾಗುತ್ತಾರೆ. ಚನ್ನಗಿರಿ ಕಡೆಯವರು ಸೂಳೆಕೆರೆಯ ನೀರು ಹರಿದ್ರಾ ಹಳ್ಳವಾಗಿ ಹರಿಹರದಲ್ಲಿ ತುಂಗಭದ್ರೆ ಸೇರುವ ದಾರಿಯನ್ನು ಬರೆಸಲಿ. ಭದ್ರಾ ನಾಲೆ ಬಯಲಿನವರು ತೂಬಿನಿಂದ ಕೊನೆಯ ಗದ್ದೆಯವರೆಗೆ ನಡೆಯಲಿ. ಅಲ್ಲಿನ ಪಾಠ ನೀರಿನ ಕೊರತೆಯದಲ್ಲ, ಹಂಚಿಕೆಯದು.

ಇದೇ ತಿಂಗಳಲ್ಲಿ ಇಳಿಜಾರು ಅಳೆಯುವ ಚೌಕಟ್ಟು ಮಾಡಿಸಿ. ಆರಡಿಯ ಎರಡು ಕೋಲುಗಳ ತುದಿ ಸೇರಿಸಿ ಕಾಲು ಚಾಚಿದಂತೆ ನಿಲ್ಲಿಸಿ, ನಡುವೆ ಅಡ್ಡಪಟ್ಟಿ ಕಟ್ಟಿ, ಮೇಲಿನಿಂದ ದಾರಕ್ಕೆ ಕಲ್ಲು ಇಳಿಬಿಡಿ. ದಾರ ಅಡ್ಡಪಟ್ಟಿಯನ್ನು ಮುಟ್ಟುವಲ್ಲಿ ಗುರುತು ಹಾಕಿ. ಚೌಕಟ್ಟಿನ ಎರಡು ಕಾಲುಗಳ ಜಾಗ ಅದಲುಬದಲು ಮಾಡಿ ಅಲ್ಲೇ ನಿಲ್ಲಿಸಿ ಮತ್ತೊಂದು ಗುರುತು ಹಾಕಿ. ಎರಡರ ನಡುಬಿಂದುವೇ ಸಮತಲದ ಗುರುತು. ಈ ತಿದ್ದುಪಡಿ ಬಿಟ್ಟು ನೇರವಾಗಿ ಹೊಲದಲ್ಲಿ ಬಳಸುವುದರಿಂದಲೇ ಬದುಗಳು ಓರೆಯಾಗಿ, ಮೊದಲ ದೊಡ್ಡ ಮಳೆಗೆ ಒಡೆಯುತ್ತವೆ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡಕ್ಕೆ ಜಾರಿ ಬಿದ್ದವರಿಗೆ ಹಿಡಿದು ಮೇಲೆ ಬರಲು ಏನೂ ಸಿಗುವುದಿಲ್ಲ, ಈಜು ಬಂದರೂ ಅಷ್ಟೇ. ಬೇಲಿ ಇಲ್ಲದ, ಹಗ್ಗ ಇಳಿಬಿಡದ ಹೊಂಡದ ಹತ್ತಿರ ಗುಂಪನ್ನು ಒಯ್ಯಬೇಡಿ. ದಾರಿಯಲ್ಲಿ ಮುಚ್ಚದ ಹಾಳು ಕೊಳವೆಬಾವಿ ಕಂಡರೆ ಅವತ್ತೇ ಕಲ್ಲು ಮುಚ್ಚಿಸಿ, ಪಂಚಾಯಿತಿಗೆ ತಿಳಿಸಿ, ಉಳಿದ ನಡಿಗೆಯನ್ನು ನಾಳೆಗೆ ಇಟ್ಟುಕೊಳ್ಳಿ.

ಹಂತ 4: ಮಳೆ ಅಳೆಯುವ ಡಬ್ಬಿ ಮತ್ತು ನೋಟ್‌ಬುಕ್ (ಏಪ್ರಿಲ್ ಕೊನೆ)

ಇಡೀ ತರಬೇತಿ ನಿಂತಿರುವುದು ಈ ಹಂತದ ಮೇಲೆ. ಇದನ್ನು ಸಡಿಲ ಬಿಟ್ಟವರ ಗುಂಪು ಉಳಿದದ್ದನ್ನು ನಾನು ನೋಡಿಲ್ಲ.

ಡಬ್ಬಿಯನ್ನು ಬಯಲಿನಲ್ಲಿ ಕಂಬಕ್ಕೆ ನೆಟ್ಟಗೆ ಕಟ್ಟಿ. ಹತ್ತಿರದ ಮರ ಅಥವಾ ಗೋಡೆಯ ಎತ್ತರದ ಎರಡು ಪಟ್ಟು ದೂರದಲ್ಲಿರಲಿ. ದಿನವೂ ಬೆಳಿಗ್ಗೆ ಎಂಟೂವರೆಗೆ ಅಳತೆಪಟ್ಟಿ ಇಳಿಸಿ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಬರೆದು, ಡಬ್ಬಿ ಖಾಲಿ ಮಾಡಬೇಕು. ಮಳೆ ಇಲ್ಲದ ದಿನ ಸೊನ್ನೆ ಬರೆಯಲೇಬೇಕು. ಸೊನ್ನೆ ಬರೆಯದ ನೋಟ್‌ಬುಕ್‌ನಲ್ಲಿ ಮಳೆ ಬರಲಿಲ್ಲವೋ ಬರೆಯುವವರು ಬರಲಿಲ್ಲವೋ ತಿಳಿಯುವುದಿಲ್ಲ. ಕತ್ತರಿಸಿದ ನೀರಿನ ಬಾಟಲಿ ಬಳಸಬೇಡಿ. ತಳ ಕಿರಿದಾದ್ದರಿಂದ ಅಳತೆ ತಪ್ಪುತ್ತದೆ. ಪಂಚಾಯಿತಿ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ, ನಿಜ. ಆದರೆ ಊರ ಈ ತುದಿಯಲ್ಲಿ ಸುರಿದ ಮಳೆ ಆ ತುದಿಯಲ್ಲಿ ಧೂಳನ್ನೂ ಅಡಗಿಸದಿರುವುದು ನಮ್ಮ ಸೀಮೆಯಲ್ಲಿ ಹೊಸದಲ್ಲ. ನಿಮ್ಮ ಹೊಲದ ಮಳೆಯನ್ನು ನೀವೇ ಅಳೆಯಬೇಕು.

ಅಳತೆಗೆ ಅರ್ಥ ಬರುವುದು ಲೆಕ್ಕದಿಂದ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಐದು ಗುಂಟೆ ಸುಮಾರು 505 ಚದರ ಮೀಟರ್. 20 ಮಿ.ಮೀ. ಮಳೆಯಾದರೆ ಆ ತುಂಡಿನ ಮೇಲೆ ಹತ್ತು ಸಾವಿರ ಲೀಟರ್ ಬಿದ್ದಿದೆ, ಅಂದರೆ ಐದು ಸಾವಿರ ಲೀಟರಿನ ಎರಡು ಟ್ಯಾಂಕರ್. ಒಂದು ಎಕರೆಗೆ ಹದಿನಾರು ಟ್ಯಾಂಕರ್. ಟ್ಯಾಂಕರ್‌ಗೆ ಹಣ ಕೊಟ್ಟು ಗಿಡ ಉಳಿಸಿಕೊಂಡ ಮನೆಯ ಹುಡುಗನ ಮುಂದೆ ಈ ಲೆಕ್ಕ ಮಾಡಿಸಿ. ಬದು ಏಕೆ ಬೇಕೆಂದು ನೀವು ಬೇರೆ ಹೇಳಬೇಕಾಗಿಲ್ಲ. ಕೊಳವೆಬಾವಿಗೂ ಹೀಗೆಯೇ ಅಳತೆ: 20 ಲೀಟರ್ ಬಕೆಟ್ ಹತ್ತು ಸೆಕೆಂಡಿಗೆ ತುಂಬಿದರೆ ಗಂಟೆಗೆ 7,200 ಲೀಟರ್. ತಿಂಗಳಿಗೊಮ್ಮೆ ಅಳೆದು ಬರೆದರೆ, ಬಾವಿ ಸೋಲುವುದು ಮೊದಲೇ ಕಾಣುತ್ತದೆ.

ನೋಟ್‌ಬುಕ್‌ನಲ್ಲಿ ಐದೇ ಅಂಕಣ ಇರಲಿ: ದಿನಾಂಕ, ಮಳೆ, ಮಾಡಿದ ಕೆಲಸ, ಖರ್ಚು, ಕಣ್ಣಿಗೆ ಬಿದ್ದದ್ದು. ರೋಹಿಣಿ, ಮೃಗಶಿರ, ಆರಿದ್ರ ಎಂದು ಮಳೆ ನಕ್ಷತ್ರದ ಹೆಸರನ್ನೂ ಬರೆಯಲಿ. ಆಗ ಅಜ್ಜನ ಮಾತು ಮತ್ತು ಮೊಮ್ಮಗನ ಅಂಕಿ ಒಂದೇ ಪುಟದಲ್ಲಿ ಕೂರುತ್ತವೆ.

ಹಂತ 5: ರೊಪ್ಪದಲ್ಲಿ ಕಲಿಯುವುದು (ಮೇ)

ಪ್ರಾಣಿಗಳ ವಿಷಯದಲ್ಲಿ ನೋಡುವುದು, ಎಣಿಸುವುದು, ಮುಟ್ಟುವುದು, ಕೊನೆಗೆ ಔಷಧ ಎಂಬ ಕ್ರಮ ಮುರಿಯಬಾರದು. ಶಿಬಿರಗಳು ಔಷಧದಿಂದ ಶುರುವಾಗುವುದೇ ಮುಖ್ಯ ದೋಷ.

ಮೊದಲ ವಾರ ಬರೀ ನೋಡುವುದು. ಬೆಳಿಗ್ಗೆ ರೊಪ್ಪ, ಅಂದರೆ ಕುರಿ ದೊಡ್ಡಿ, ಬಿಡುವ ಮೊದಲು ಹೋಗಿ ನಿಲ್ಲಿ. ಯಾವ ಕುರಿ ಏಳಲು ತಡಮಾಡಿತು, ಯಾವುದು ಮಂದೆಯ ಹಿಂದೆ ಉಳಿಯಿತು, ಹಿಕ್ಕೆ ಗಟ್ಟಿಯಾಗಿದೆಯೋ ಅಂಟಾಗಿದೆಯೋ, ಮೂಗು ಸೋರುತ್ತಿದೆಯೋ, ಮಲಗಿದ್ದಾಗ ಮೆಲುಕು ಹಾಕುತ್ತಿತ್ತೋ. ಒಬ್ಬ ಅನುಭವಿ ಕುರಿಗಾಹಿಯನ್ನು ಕರೆತಂದು ಅವರ ಪಕ್ಕ ನಿಲ್ಲಿಸಿ. ಮಾತು ಕಡಿಮೆ ಆಡುವ ಹಿರಿಯರು ಸಿಕ್ಕರೆ ಇನ್ನೂ ಒಳ್ಳೆಯದು. ಅವರು ನೋಡುವ ಕಡೆಗೆ ಮಕ್ಕಳೂ ನೋಡುತ್ತಾರೆ.

ಎರಡನೆಯ ವಾರ ಕಣ್ಣಿನ ಕೆಳರೆಪ್ಪೆ ಬಿಡಿಸಿ ಒಳಬಣ್ಣ ನೋಡುವುದನ್ನು ಕಲಿಸಿ. ಕೆಂಪಾಗಿದ್ದರೆ ಸರಿ, ಬಿಳಚಿಕೊಂಡಿದ್ದರೆ ರಕ್ತಹೀನತೆ. ರಕ್ತ ಹೀರುವ ಜಂತುಹುಳು ಅದಕ್ಕೆ ಮುಖ್ಯ ಕಾರಣ. ಮರಿಗಳನ್ನು ಚೀಲದಲ್ಲಿ ಕೂರಿಸಿ ಕೊಕ್ಕೆ ತಕ್ಕಡಿಗೆ ಹಾಕಿ ತೂಗಿಸಿ. ಜ್ವರ ನೋಡುವುದನ್ನೂ ಈಗಲೇ ಅಭ್ಯಾಸ ಮಾಡಿಸಿ: ಗುದದ್ವಾರದಲ್ಲಿ ಥರ್ಮಾಮೀಟರ್ ಎರಡು ನಿಮಿಷ. ಕುರಿಯ ಸಹಜ ಶಾಖ ಸುಮಾರು 39 ಡಿಗ್ರಿ, ಹಸುವಿನದು ಸುಮಾರು 38.5 ಡಿಗ್ರಿ ಸೆಲ್ಸಿಯಸ್. ಆರೋಗ್ಯವಾಗಿರುವಾಗ ಅಳೆಯದವರಿಗೆ ಜ್ವರ ಬಂದಾಗಿನ ಅಂಕಿ ಏನೂ ಹೇಳುವುದಿಲ್ಲ.

ಔಷಧ ಮೂರನೆಯ ವಾರ, ಪಶುವೈದ್ಯರ ಸಲಹೆಯಂತೆ. ಜಂತುನಾಶಕವನ್ನು ತೂಕಕ್ಕೆ ತಕ್ಕ ಅಳತೆಯಲ್ಲಿ ಕೊಡಬೇಕು. ಕಣ್ಣಂದಾಜಿನಲ್ಲಿ ಕಡಿಮೆ ಕೊಟ್ಟರೆ ಹುಳು ಸಾಯುವುದಿಲ್ಲ, ಔಷಧಕ್ಕೆ ಒಗ್ಗಿಕೊಳ್ಳುತ್ತದೆ. ಕುಡಿಸುವಾಗ ತಲೆಯನ್ನು ಮೇಲಕ್ಕೆ ಎತ್ತಿ ಹಿಡಿಯಬೇಡಿ, ನಾಲಿಗೆ ಎಳೆಯಬೇಡಿ. ದ್ರವ ಶ್ವಾಸಕೋಶಕ್ಕೆ ಇಳಿದು ಪ್ರಾಣಿ ಸಾಯುತ್ತದೆ. ಗಬ್ಬದ ಕುರಿಗಳಿಗೆ ವೈದ್ಯರನ್ನು ಕೇಳದೆ ಯಾವುದನ್ನೂ ಕೊಡಬಾರದು. ಮಳೆಗಾಲಕ್ಕೆ ಮುಂಚೆ ಕರುಳುಬೇನೆ, ಗಳಲೆ ರೋಗ, ಚಪ್ಪೆ ರೋಗದ ಲಸಿಕೆಗಳು ಆಗಿರಲಿ. ಕಾಲುಬಾಯಿ ಜ್ವರ ಮತ್ತು ಕುರಿ ಮೇಕೆಗಳಿಗೆ ಬರುವ ಪಿಪಿಆರ್ ರೋಗದ ಲಸಿಕೆ ಯಾವ ಮನೆಯಲ್ಲಿ ತಪ್ಪಿದೆ ಎಂಬ ಪಟ್ಟಿಯನ್ನು ಗುಂಪೇ ಮಾಡಿ ಆಸ್ಪತ್ರೆಗೆ ಕೊಡಲಿ. ಊರಿಗೆ ಅವರಿಂದಾಗುವ ಮೊದಲ ಉಪಕಾರ ಅದು. ಸಂಚಾರಿ ಪಶು ಚಿಕಿತ್ಸೆಗೆ 1962 ಸಂಖ್ಯೆಯನ್ನು ಎಲ್ಲರ ಮೊಬೈಲ್‌ನಲ್ಲಿ ಹಾಕಿಸಿ.

ಈ ಮೂರು ಸಂದರ್ಭಗಳನ್ನು ಬಾಯಿಪಾಠ ಮಾಡಿಸಿ:

ಚೆನ್ನಾಗಿದ್ದ ಪ್ರಾಣಿ ಹಠಾತ್ತನೆ ಸತ್ತು, ಮೂಗು, ಬಾಯಿ ಅಥವಾ ಗುದದಿಂದ ರಕ್ತ ಸೋರಿದ್ದರೆ ನೆರಡಿ ರೋಗವಿರಬಹುದು. ಮುಟ್ಟಬೇಡಿ, ಚರ್ಮ ಸುಲಿಯಬೇಡಿ, ಕೊಯ್ಯಬೇಡಿ. ಇದು ಮನುಷ್ಯರಿಗೂ ಹರಡುತ್ತದೆ. ಕೂಡಲೇ ವೈದ್ಯರಿಗೆ ತಿಳಿಸಿ.

ಕಂದು ಹಾಕಿದಾಗ ಬರಿಗೈಯಲ್ಲಿ ಮಾಸು ಎತ್ತಬೇಡಿ. ಕೈಗವಸು ತೊಟ್ಟು, ಸುಣ್ಣ ಹಾಕಿ ಆಳವಾಗಿ ಹೂಳಿ.

ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ, ಕೊಯ್ದ ಮೇಲೆ ಚಿಗುರಿದ ಜೋಳದ ಕೂಳೆ ವಿಷ. ಹಸಿದ ದನ ನುಗ್ಗಿದರೆ ಕೆಲವೇ ನಿಮಿಷಗಳಲ್ಲಿ ಉಸಿರು ಕಟ್ಟಿ ಬೀಳಬಹುದು. ಕಾಯಲು ಹೋಗುವ ಪ್ರತಿ ಹುಡುಗನಿಗೂ ಇದು ತಿಳಿದಿರಲೇಬೇಕು.

ಹಂತ 6: ಬೀಜದಿಂದ ಬಿತ್ತನೆಗೆ (ಜೂನ್)

ನಮ್ಮ ಕಲಿಕೆಯ ಬೆಳೆ ಶೇಂಗಾ ಎಂದಿಟ್ಟುಕೊಳ್ಳಿ. ಬಿತ್ತುವ ಎರಡು ವಾರ ಮೊದಲು ನೂರು ಬೀಜ ಎಣಿಸಿ ಒದ್ದೆ ಗೋಣಿಯಲ್ಲಿ ಸಾಲಾಗಿ ಇಟ್ಟು ಸುತ್ತಿ, ತೇವ ಆರದಂತೆ ನೋಡಿಕೊಳ್ಳಿ. ಏಳನೆಯ ದಿನ ಎಣಿಸಿ. ಪ್ರಮಾಣಿತ ಶೇಂಗಾ ಬೀಜದಲ್ಲಿ ನೂರಕ್ಕೆ ಎಪ್ಪತ್ತಾದರೂ ಮೊಳೆಯಬೇಕು. ಅರವತ್ತು ಮೊಳೆತರೆ ಬೀಜ ಎಷ್ಟು ಹೆಚ್ಚಿಸಬೇಕು ಎಂಬ ಲೆಕ್ಕವನ್ನು ಅವರೇ ಮಾಡಲಿ. ಬೀಜಕ್ಕೆ ಔಷಧ ಹಚ್ಚುವ ಬೀಜೋಪಚಾರದಲ್ಲಿ ರಾಸಾಯನಿಕ ಮೊದಲು, ರೈಜೋಬಿಯಂನಂಥ ಜೈವಿಕ ಗೊಬ್ಬರ ಕೊನೆಗೆ. ಕ್ರಮ ತಿರುಗಿಸಿದರೆ ಜೀವಾಣು ಸಾಯುತ್ತವೆ. ಒಣಗಿಸುವುದು ನೆರಳಲ್ಲಿ.

ಐದು ಗುಂಟೆಯನ್ನು ಎರಡು ಭಾಗ ಮಾಡಿ. ಒಂದರಲ್ಲಿ ಊರಿನವರು ಮಾಡುವಂತೆಯೇ, ಇನ್ನೊಂದರಲ್ಲಿ ಒಂದೇ ಒಂದು ಬದಲಾವಣೆ. ಸುಣ್ಣದಂಶ ಮತ್ತು ಗಂಧಕ ಒದಗಿಸುವ ಜಿಪ್ಸಂ ಒಳ್ಳೆಯ ಆಯ್ಕೆ: ಎಕರೆಗೆ 200 ಕಿಲೋ ಲೆಕ್ಕದಲ್ಲಿ ಎರಡೂವರೆ ಗುಂಟೆಗೆ ಹನ್ನೆರಡೂವರೆ ಕಿಲೋ, ಹೂ ಬಿಡುವ ಹೊತ್ತಿಗೆ ಸಾಲಿನ ಬುಡಕ್ಕೆ. ಹೊಸ ತಳಿ, ಹೊಸ ಗೊಬ್ಬರ, ಹೊಸ ಅಂತರ ಎಲ್ಲವನ್ನೂ ಒಂದೇ ಸಲ ತಂದರೆ, ಇಳುವರಿ ಹೆಚ್ಚಿದರೂ ಯಾವುದರಿಂದ ಹೆಚ್ಚಿತೆಂದು ಯಾರಿಗೂ ತಿಳಿಯುವುದಿಲ್ಲ.

ಹಂತ 7: ವಾರಕ್ಕೊಮ್ಮೆ ಸಾಲಿನ ನಡುವೆ

ಈಗ ಮಳೆಯ ನೋಟ್‌ಬುಕ್ ಕೆಲಸಕ್ಕೆ ಬರುತ್ತದೆ. ಮೊದಲ ಹದ ಮಳೆಯಾದ ಕೆಲವೇ ದಿನಗಳಲ್ಲಿ ಕೆಂಪು ಕಂಬಳಿ ಹುಳುವಿನ ಚಿಟ್ಟೆಗಳು ಮಣ್ಣಿನಿಂದ ಹೊರಬರುತ್ತವೆ. ಆ ದಿನಾಂಕ ಗೊತ್ತಿದ್ದರೆ ಎಲೆಯ ಅಡಿಯಲ್ಲಿ ಗುಂಪಾಗಿಟ್ಟ ಮೊಟ್ಟೆಗಳನ್ನು ಕೈಯಿಂದಲೇ ಆರಿಸಬಹುದು. ಹುಳು ಬಲಿತು ಹೊಲದಿಂದ ಹೊಲಕ್ಕೆ ಸಾಲುಗಟ್ಟಿದ ಮೇಲೆ ಕಷ್ಟ.

ಮೆಕ್ಕೆಜೋಳದವರಿಗೆ 2018ರಲ್ಲಿ ದೇಶದಲ್ಲೇ ಮೊದಲು ನಮ್ಮ ರಾಜ್ಯದಲ್ಲಿ ಕಾಣಿಸಿಕೊಂಡ ಫಾಲ್ ಸೈನಿಕ ಹುಳುವೇ ಪಾಠ. ಹೊಲದ ಐದು ಕಡೆ ಇಪ್ಪತ್ತಿಪ್ಪತ್ತು ಗಿಡ ನೋಡಿ, ಸುಳಿಯಲ್ಲಿ ಒದ್ದೆ ಮರದ ಪುಡಿಯಂಥ ಹಿಕ್ಕೆ ಇರುವ ಗಿಡಗಳನ್ನು ಎಣಿಸಲಿ. ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ Y ಅಕ್ಷರದಂಥ ಗುರುತು, ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕೆ ಇದ್ದರೆ ಅದೇ. ಎಣಿಸಿದ ಮೇಲಷ್ಟೇ ಔಷಧದ ಮಾತು. ಹದಿನೆಂಟು ತುಂಬದವರ ಕೈಗೆ ಸಿಂಪಡಣೆ ಯಂತ್ರ ಕೊಡಬೇಡಿ, ಔಷಧ ಬೆರೆಸಲೂ ಬಿಡಬೇಡಿ. ಈ ವಿಷಯದಲ್ಲಿ ಯಾರ ಒತ್ತಾಯಕ್ಕೂ ಮಣಿಯಬಾರದು.

ಶೇಂಗಾದ ಸೂಜಿ, ಅಂದರೆ ಹೂವಿನಿಂದ ಇಳಿದು ತುದಿಯಲ್ಲಿ ಕಾಯಿ ಕಟ್ಟುವ ಎಳೆ, ಮಣ್ಣಿಗಿಳಿದ ಮೇಲೆ ಎಡೆಕುಂಟೆ ಹೊಡೆಯಬೇಡಿ. ಕಳೆ ಇದ್ದರೆ ಕೈಯಿಂದ ಕೀಳಲಿ.

ಗುಂಪು ಒಡೆಯುವ ಮುನ್ಸೂಚನೆಗಳು

ನೋಟ್‌ಬುಕ್‌ನಲ್ಲಿ ಒಂದೇ ಕೈಬರಹ ಕಾಣತೊಡಗಿದರೆ ಉಳಿದವರು ದೂರವಾಗುತ್ತಿದ್ದಾರೆ. ಸರದಿ ಹಾಕಿ. ಒಂದೇ ಶಾಯಿಯಲ್ಲಿ ಏಳು ದಿನದ ಮಳೆ ತುಂಬಿದ್ದರೆ ಅಳೆಯದೆ ಬರೆದಿದ್ದಾರೆ. ಗದರದೆ ಆ ಪುಟಕ್ಕೆ ಅಡ್ಡಗೆರೆ ಎಳೆಸಿ, ಮರುದಿನ ನೀವೇ ಜೊತೆಗೆ ಹೋಗಿ ಅಳೆಯಿರಿ. ಹುಡುಗಿಯರು ಎರಡು ವಾರ ಸತತವಾಗಿ ಬಾರದಿದ್ದರೆ ಮನೆಯಲ್ಲಿ ಏನೋ ಮಾತಾಗಿದೆ. ಫೋನ್ ಮಾಡದೆ ಮನೆಗೇ ಹೋಗಿ. ಮಳೆ ಹೋಗಿ ಬೆಳೆ ಒಣಗುತ್ತಿರುವಾಗ ‘ಇನ್ನೇನು ಕಲಿಯುವುದು’ ಎಂಬ ಮಾತು ಬರುತ್ತದೆ. ಆ ವಾರವೇ ಎರಡು ತುಂಡುಗಳಲ್ಲಿ ಅರ್ಧ ಅಡಿ ಅಗೆದು ತೇವ ಎಷ್ಟು ಆಳದಲ್ಲಿದೆ ಎಂದು ನೋಡಿಸಿ. ಒಣಗಿದ ವರ್ಷದಲ್ಲಿ ಕಾಣುವ ವ್ಯತ್ಯಾಸ ಹಸನಾದ ವರ್ಷದಲ್ಲಿ ಕಾಣುವುದಿಲ್ಲ.

ಹಂತ 8: ಸುಗ್ಗಿಯ ತೂಕ, ಲೆಕ್ಕ

ಎರಡು ಭಾಗದ ಕಾಯಿಗಳನ್ನು ಬೇರೆ ಬೇರೆ ಒಣಗಿಸಿ ತೂಗಿ. ಹಸಿ ಕಾಯಿ ತೂಗಿದರೆ ಲೆಕ್ಕ ತಪ್ಪುತ್ತದೆ. ಖರ್ಚಿನಲ್ಲಿ ಮನೆಯವರ ದುಡಿಮೆಯನ್ನೂ ಅಂದಿನ ಕೂಲಿ ದರದಲ್ಲಿ ಬರೆಯಬೇಕು. ಬರೆದ ಮೇಲೆ ನಷ್ಟ ಬಂದರೆ ಮುಚ್ಚಿಡಬೇಡಿ. ಶೇಂಗಾ ಹೊಟ್ಟು ಕುರಿಗೆ ಎಷ್ಟು ದಿನ ಮೇವಾಯಿತು, ಸುಗ್ಗಿಯಾದ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ಎಷ್ಟು ರಾತ್ರಿ ನಿಂತಿತು ಎಂಬುದನ್ನೂ ಬರೆಯಿರಿ. ಹೊಲ ಮತ್ತು ರೊಪ್ಪದ ಲೆಕ್ಕ ಅಲ್ಲಿ ಕೂಡುತ್ತದೆ.

ಲೆಕ್ಕವನ್ನು ನೀವು ಓದಬೇಡಿ. ಮನೆಯವರನ್ನೆಲ್ಲ ಅದೇ ಹೊಲದ ಬದುವಿಗೆ ಕರೆದು ಹುಡುಗ ಹುಡುಗಿಯರೇ ಓದಿ ಹೇಳಲಿ, ಪ್ರಶ್ನೆಗೂ ಅವರೇ ಉತ್ತರಿಸಲಿ. ಬೀಜಕ್ಕೆ ಚೆನ್ನಾದ ಕಾಯಿ ಎತ್ತಿಟ್ಟು, ಮಳೆ ಡಬ್ಬಿಯ ಬೆಳಗಿನ ಸರದಿಯನ್ನು ಡಿಸೆಂಬರ್‌ಗೂ ಬರೆದು ಹಾಕಿ. ಮುಂದಿನ ಫೆಬ್ರವರಿಯಲ್ಲಿ ಹೊಸಬರು ಸೇರಿದಾಗ ಮಣ್ಣಿನ ಗುಂಡಿ ತೋಡಿ ತೋರಿಸುವ ಕೆಲಸ ಈ ವರ್ಷದವರದು.